ಮಕ್ಕಳಿಗೆ ಗೋಕರ್ಣವನ್ನು ನಿಧಿ ಹುಡುಕುವ ಆಟವಾಗಿ ತೋರಿಸಬಹುದೇ?

ಆರು ಮತ್ತು ಹನ್ನೊಂದು ವರ್ಷದ ಇಬ್ಬರು ಮಕ್ಕಳೊಂದಿಗೆ ಬರುತ್ತಿದ್ದೇವೆ, ಬೀಚಷ್ಟೇ ಅಲ್ಲದೆ ಊರನ್ನೂ ನಡೆದು ನೋಡಬೇಕು, ಅದಕ್ಕೊಂದು ನಿಧಿ ಹುಡುಕಾಟ ಹೇಗೆ ಕಟ್ಟುವುದು ಎಂದು ಕೇಳಿದ್ದೀರಿ. ಬಹಳ ಒಳ್ಳೆಯ ಯೋಚನೆ. ನಾನು ಇದೇ ಕರಾವಳಿಯವಳು, ಮನೆಗೆ ಬರುವ ನೆಂಟರ ಮಕ್ಕಳನ್ನು ಹೀಗೇ ಸುತ್ತಿಸುತ್ತೇನೆ. ಮೊದಲ ಮಾತು: ಚೀಟಿಗಳನ್ನು ಎಲ್ಲೂ ಬಚ್ಚಿಡಬೇಡಿ. ಇಲ್ಲಿ ಕಲ್ಲಿನ ಸಂದಿ, ಕಟ್ಟೆ, ಜಗಲಿ ಎಲ್ಲವೂ ಯಾರದೋ ಪೂಜೆಯ ಜಾಗ, ಇಲ್ಲವೇ ಯಾರದೋ ಮನೆ. ಒಗಟುಗಳನ್ನು ಬರೆದು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಉತ್ತರ ಮಕ್ಕಳ ಕಣ್ಣಿಗೆ ಬಿದ್ದ ಮೇಲೆ ಮುಂದಿನದನ್ನು ಕೊಡಿ.

ಹಿಂದಿನ ರಾತ್ರಿ ಕಥೆ ಹೇಳಿಬಿಡಿ. ರಾವಣ ಶಿವನ ಆತ್ಮಲಿಂಗ ಹಿಡಿದು ಬಂದದ್ದು, ಸಂಧ್ಯಾವಂದನೆಗೆಂದು ಅದನ್ನು ವಟುವಿನ ವೇಷದ ಗಣಪತಿಯ ಕೈಗೆ ಕೊಟ್ಟದ್ದು, ವಟು ಮೂರು ಸಲ ಕೂಗಿ ನೆಲಕ್ಕಿಟ್ಟದ್ದು. ಕಥೆ ಗೊತ್ತಿದ್ದರೆ ಅರ್ಧ ಆಟ ಆದಂತೆಯೇ.

ಬೆಳಿಗ್ಗೆ ಬೇಗ ಕೋಟಿತೀರ್ಥದಿಂದ ಹೊರಡಿ. ದಾರಿ ಕೆರೆಯಿಂದ ಕಡಲಿನವರೆಗೆ. ಕೋಟಿತೀರ್ಥದ ದಡದಲ್ಲಿ ಜನ ಪಿತೃಕಾರ್ಯ ಮಾಡುತ್ತಿರುತ್ತಾರೆ, ಹಾಗಾಗಿ ಅಲ್ಲಿ ಓಟ, ಕೂಗಾಟ ಬೇಡ. ದಡದಲ್ಲಿ ಕೂತು ಸುತ್ತಲಿನ ಗುಡಿಗಳನ್ನು ಚಿಕ್ಕವನು ಎಣಿಸಲಿ.

ಅಲ್ಲಿಂದ ರಥಬೀದಿಗೆ. ನನ್ನ ಒಗಟು ಹೀಗಿದೆ: "ವರ್ಷವೆಲ್ಲ ನಿಂತಿರುತ್ತೇನೆ, ಶಿವರಾತ್ರಿಗೆ ನಡೆಯುತ್ತೇನೆ, ಹಗ್ಗವಿಲ್ಲದೆ ಹೆಜ್ಜೆಯಿಡೆ." ತೇರು ಬೀದಿಯ ಬದಿಯಲ್ಲೇ ನಿಂತಿರುತ್ತದೆ. ಗಾಲಿಯ ಪಕ್ಕದಲ್ಲಿ ಮಕ್ಕಳನ್ನು ನಿಲ್ಲಿಸಿ, ಯಾರು ಎತ್ತರ ನೋಡಿ. ತೇರು ಎಳೆಯುವ ದಿನ ಜನ ಅದಕ್ಕೆ ಬಾಳೆಹಣ್ಣು ಎಸೆಯುತ್ತಾರೆ ಎಂದರೆ ಇಬ್ಬರೂ ಕಣ್ಣರಳಿಸುತ್ತಾರೆ.

ಇಡೀ ಆಟದಲ್ಲಿ ನನಗೆ ಅತಿ ಪ್ರಿಯವಾದದ್ದು ಮುಂದಿನದು. ಬೀದಿಬದಿಯಲ್ಲಿ ಇಲ್ಲಿನ ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಂಗಸರು ತರಕಾರಿ, ಸೊಪ್ಪು, ಹೂವು ಮಾರುತ್ತಾ ಕೂತಿರುತ್ತಾರೆ, ಕೊರಳ ತುಂಬ ಮಣಿಸರ. ದೊಡ್ಡವಳಿಗೆ ಚೀಟಿ: "ನಿನಗೆ ಹೆಸರು ಗೊತ್ತಿಲ್ಲದ ಒಂದು ಸೊಪ್ಪನ್ನೋ ತರಕಾರಿಯನ್ನೋ ಕೊಂಡು, ಅದರಿಂದ ಏನು ಅಡುಗೆ ಮಾಡುತ್ತಾರೆ ಎಂದು ಅಜ್ಜಿಯನ್ನೇ ಕೇಳಿ ಬರೆದುಕೊಂಡು ಬಾ." ದುಡ್ಡು ಅವಳ ಕೈಗೇ ಕೊಟ್ಟು ನೀವು ದೂರ ನಿಲ್ಲಿ. ಪಟ್ಟಣದ ಮಕ್ಕಳು ಮೊದಲು ತಡವರಿಸುತ್ತಾರೆ, ಆಮೇಲೆ ಎದ್ದು ಬರಲೊಲ್ಲರು. ಕೇಳದೆ ಫೋಟೊ ಮಾತ್ರ ತೆಗೆಯಬೇಡಿ. ಅವರು ವ್ಯಾಪಾರಕ್ಕೆ ಕೂತವರು, ನೋಟಕ್ಕಲ್ಲ.

"ಲಿಂಗ ಇಟ್ಟವನು ನಾನೇ, ಪೆಟ್ಟು ತಿಂದವನೂ ನಾನೇ" ಎಂಬುದಕ್ಕೆ ಉತ್ತರ ಮಹಾಗಣಪತಿ. ಎರಡೇ ಕೈ, ನಿಂತ ಮೂರ್ತಿ. ತಲೆಯ ಮೇಲಿನ ತಗ್ಗು ರಾವಣನ ಏಟಿನದು ಎನ್ನುತ್ತಾರೆ. ಪಕ್ಕದಲ್ಲೇ ಮಹಾಬಲೇಶ್ವರ. ಗರ್ಭಗುಡಿಗೆ ಹೋಗುವುದಾದರೆ ಗಂಡಸರು ಪಂಚೆ ಉಟ್ಟು ಅಂಗಿ ಕಳಚಬೇಕು, ಕ್ಯಾಮೆರಾ ಹೊರಗಿರಲಿ. ದರ್ಶನದ ಹೊತ್ತಿನಲ್ಲಿ ಆಟ ನಿಲ್ಲಿಸಿಬಿಡಿ.

ನಾಲ್ಕು ಹೆಜ್ಜೆ ಮುಂದೆ ಕಡಲು. 1665ರಲ್ಲಿ ಶಿವಾಜಿ ಕುಂದಾಪುರದ ಬಳಿಯ ಬಸರೂರಿನ ಮೇಲೆ ದಾಳಿ ಮಾಡಿ ಹಿಂತಿರುಗುವಾಗ ಶಿವರಾತ್ರಿಗೆ ಇಲ್ಲಿ ತೀರ್ಥಸ್ನಾನ ಮಾಡಿದ್ದ. ಕಡಲಿಗೆ ಮುಖ ಮಾಡಿ ನಿಲ್ಲಿಸಿ, ಬಸರೂರು ಎಡಕ್ಕೋ ಬಲಕ್ಕೋ ಎಂದು ದೊಡ್ಡವಳನ್ನು ಕೇಳಿ. ನೀರಿಗಿಳಿಯುವ ಮೊದಲು ಜೀವರಕ್ಷಕರ ಮಾತು ಕೇಳಿ, ಇಲ್ಲಿನ ಸೆಳೆತ ಕೆಟ್ಟದ್ದು. ಮಳೆಗಾಲದಲ್ಲಂತೂ ಇಳಿಯಲೇಬೇಡಿ.

ಕೊನೆಯ ಒಗಟು: "ಉಪ್ಪಿನ ಪಕ್ಕದಲ್ಲೇ ಸಿಹಿ ನೀರು." ಬೀಚಿನ ದಕ್ಷಿಣ ತುದಿಯಲ್ಲಿ ಮೆಟ್ಟಿಲು ಹತ್ತಿದರೆ ರಾಮತೀರ್ಥ, ಗುಡ್ಡದಿಂದ ಹರಿದು ಬರುವ ನೀರು. ಅಲ್ಲಿ ಕೂರಿಸಿ ನಿಧಿ ಕೊಡಿ. ಪ್ಲಾಸ್ಟಿಕ್ ಆಟಿಕೆ ಬೇಡ. ಒಂದು ಪೊಟ್ಟಣ ಸಾಣಿಕಟ್ಟೆ ಉಪ್ಪು ಕೊಡಿ, ಜೊತೆಗೆ ಏನಾದರೂ ಸಿಹಿ. ಸಾಣಿಕಟ್ಟೆ ಇಲ್ಲೇ ಹತ್ತಿರ. ಗದ್ದೆಗಳಿಗೆ ಉಪ್ಪುನೀರು ಕಟ್ಟಿ ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಾರೆ. ಬೇಸಿಗೆಯಲ್ಲಿ ಬಂದರೆ ಆ ಗದ್ದೆಗಳನ್ನೂ ತೋರಿಸಿ.

ಮರುದಿನ ಕಾರಿದ್ದರೆ ಆಟ ಮುಂದುವರಿಸಬಹುದು. ನೆಲಕ್ಕಿಟ್ಟ ಲಿಂಗ ಮೇಲೇಳದ ಸಿಟ್ಟಿನಿಂದ ರಾವಣ ಅದರ ಪೆಟ್ಟಿಗೆಯಿಂದ ಕಿತ್ತೆಸೆದ ದಾರ ಧಾರೇಶ್ವರದಲ್ಲಿ, ಮುಚ್ಚಳ ಗುಣವಂತೆಯಲ್ಲಿ, ವಸ್ತ್ರ ಮುರುಡೇಶ್ವರದಲ್ಲಿ ಬಿತ್ತು ಎಂದು ಪ್ರತೀತಿ. ಮೂರೂ ದಕ್ಷಿಣಕ್ಕೆ ಒಂದೇ ದಾರಿಯಲ್ಲಿವೆ. ಹೊರಡುವಾಗ ಮಿರ್ಜಾನ್ ಕೋಟೆಗೂ ಹೊಕ್ಕು ಬನ್ನಿ, ಚಿರೇಕಲ್ಲಿನ ಆ ಗೋಡೆಗಳ ನಡುವೆ ಮಕ್ಕಳು ಎಷ್ಟು ಓಡಿದರೂ ಯಾರೂ ಬೇಡವೆನ್ನುವುದಿಲ್ಲ.