ಕೊಡಗಿನ ಕಿತ್ತಳೆಗೂ ಚೀನೀ ಭಾಷೆಗೂ ಒಂದೇ ಹೆಸರು ಯಾಕೆ?

ಪ್ರಶ್ನೆ: ಕಾಫಿ ತೋಟದ ನಡುವೆ ನೆಡೋಣ ಅಂತ ಕಿತ್ತಳೆ ಸಸಿ ತಂದೆ. ಅದರ ಚೀಟಿಯಲ್ಲಿ ‘ಕೂರ್ಗ್ ಮ್ಯಾಂಡರಿನ್’ ಅಂತಿದೆ. ಮಗಳು ಓದಿ, ‘ಮ್ಯಾಂಡರಿನ್ ಅಂದ್ರೆ ಚೀನಾದ ಭಾಷೆ ಅಲ್ವಾ ಅಪ್ಪಾ?’ ಅಂದಳು. ಎರಡಕ್ಕೂ ಏನಾದ್ರೂ ಸಂಬಂಧ ಇದೆಯಾ ಸರ್?
– ಓದುಗರೊಬ್ಬರು, ಸಿದ್ದಾಪುರ

ಉತ್ತರ: ಖಂಡಿತ ಇದೆ. ನಿಮ್ಮ ಮಗಳು ಒಳ್ಳೆ ಪ್ರಶ್ನೆ ಕೇಳಿದ್ದಾಳೆ. ಆದರೆ ಆ ಪದ ಚೀನಾದ್ದಲ್ಲ. ನಾವು ದಿನಾ ಪೇಪರಿನಲ್ಲಿ ಓದುವ ‘ಮಂತ್ರಿ’ಯೇ ಅದರ ಮೂಲ!

ಸಂಸ್ಕೃತದ ‘ಮಂತ್ರಿನ್’, ಅಂದರೆ ರಾಜನಿಗೆ ಆಲೋಚನೆ ಹೇಳುವವನು, ಕಡಲು ದಾಟಿ ಮಲಯ ಭಾಷೆಗೆ ಹೋಗಿ ‘ಮೆಂತೆರಿ’ ಆದ. ಮಲೇಷ್ಯಾದಲ್ಲಿ ಈಗಲೂ ಪ್ರಧಾನಿಗೆ ‘ಪೆರ್ದಾನಾ ಮೆಂತೆರಿ’ ಅಂತಾರೆ. ಒಂದು ಸಲ ಜೋರಾಗಿ ಹೇಳಿ ನೋಡಿ, ನಮ್ಮ ಪ್ರಧಾನ ಮಂತ್ರಿಯೇ ಕೇಳಿಸುತ್ತಾರೆ. 1511ರಲ್ಲಿ ಪೋರ್ಚುಗೀಸರು ಮಲಯ ನಾಡಿನ ಬಂದರು ಮಲಕ್ಕಾವನ್ನು ಗೆದ್ದರು, ಅಲ್ಲಿಂದ ಮುಂದೆ ಚೀನಾಕ್ಕೆ ವ್ಯಾಪಾರಕ್ಕೆ ಹೋದಾಗ ಅಲ್ಲಿನ ಅಧಿಕಾರಿಗಳನ್ನೂ ಇದೇ ಮಲಯ ಪದದಿಂದ ಕರೆದರು. ಪೋರ್ಚುಗೀಸರ ಭಾಷೆಯಲ್ಲಿ ‘ಮಂದಾರ್’ ಅಂದರೆ ಅಪ್ಪಣೆ ಕೊಡುವುದು. ಆ ಪದದ ಸಹವಾಸದಿಂದ ‘ಮೆಂತೆರಿ’ ಹೋಗಿ ‘ಮಂದರಿಂ’ ಆಯಿತು. ಅದಕ್ಕೇ ಕೆಲವರು ‘ಮಂದಾರ್’ ಅನ್ನೇ ಮೂಲ ಅಂದುಕೊಳ್ಳುತ್ತಾರೆ. ಅದು ತಪ್ಪು.

ಚೀನಾದಲ್ಲಿ ಆಗ ಅಧಿಕಾರಿಗಳು ಆಡುವ ಭಾಷೆಗೆ ‘ಗ್ವಾನ್‌ಹ್ವಾ’ ಅಂತಿದ್ದರು. ‘ಗ್ವಾನ್’ ಅಂದರೆ ಅಧಿಕಾರಿ, ‘ಹ್ವಾ’ ಅಂದರೆ ಮಾತು. ಯುರೋಪಿನವರ ಬಾಯಲ್ಲಿ ಅದೂ ಮ್ಯಾಂಡರಿನ್ ಆಯಿತು.

ಹಣ್ಣಿಗೆ ಆ ಹೆಸರು ಬಂದದ್ದು ಆ ಅಧಿಕಾರಿಗಳ ನಿಲುವಂಗಿಯ ಬಣ್ಣದಿಂದ ಅಂತ ಹೇಳುವುದುಂಟು. ಉಗುರು ತಾಗಿಸಿದರೆ ಸಾಕು, ಸಿಪ್ಪೆ ತಾನಾಗಿ ಬಿಟ್ಟುಕೊಂಡು ತೊಳೆಗಳು ಬಿಡಿಬಿಡಿಯಾಗುತ್ತವಲ್ಲ, ಅಂಥ ಹಣ್ಣೇ ಮ್ಯಾಂಡರಿನ್. ನಮ್ಮ ಕೊಡಗಿನ ಕಿತ್ತಳೆ ಆ ಜಾತಿಯದ್ದು, ಹಾಗಾಗಿ ನಿಮ್ಮ ಸಸಿಯ ಚೀಟಿ ಸರಿಯಾಗಿಯೇ ಇದೆ.

ಇನ್ನು ‘ಆರೆಂಜ್’. ಅದು ಬೇರೆ ದಾರಿಯಲ್ಲಿ ಹೋದದ್ದು, ಆದರೆ ಹೊರಟದ್ದು ನಮ್ಮ ಕಡೆಯಿಂದಲೇ. ಸಂಸ್ಕೃತದಲ್ಲಿ ನಾರಂಗ, ಪಾರ್ಸಿಯಲ್ಲಿ ನಾರಂಗ್, ಅರಬ್ಬಿಯಲ್ಲಿ ನಾರಂಜ್. ಯುರೋಪಿನಲ್ಲಿ ಮುಂದೆ ಸಾಗುತ್ತಾ ಮೊದಲಿನ ‘ನ’ ಬಿದ್ದುಹೋಯಿತು. ಸಂಸ್ಕೃತಕ್ಕೂ ಇದು ದ್ರಾವಿಡ ನುಡಿಗಳಿಂದ ಬಂತು ಅನ್ನುವ ಭಾಷಾತಜ್ಞರಿದ್ದಾರೆ, ನನಗೂ ಅದೇ ಸರಿ ಅನಿಸುತ್ತದೆ. ನಿಮ್ಮ ಸಿದ್ದಾಪುರದ ಪೇಟೆಯಲ್ಲಿ ಮಲಯಾಳ ಕಿವಿಗೆ ಬೀಳದ ದಿನವಿಲ್ಲ ಅಲ್ವಾ? ಮಗಳನ್ನು ಕರೆದುಕೊಂಡು ಹೋಗಿ, ಮಲಯಾಳಿಗಳ ಅಂಗಡಿಯಲ್ಲಿ ‘ನಾರಂಗಾ ವೆಳ್ಳಂ’ ಕೇಳಿ. ಕಿತ್ತಳೆ ರಸ ಬರಲ್ಲ, ತಣ್ಣನೆಯ ನಿಂಬೆ ಶರಬತ್ತು ಬರುತ್ತದೆ.