ನೊರೆ ಗೆರೆಯಾಗಿ ನಿಲ್ಲುತ್ತಿದ್ದರೆ ಹೀಗೆ ಮಾಡಿ ನೋಡಿ

ಗೋಕರ್ಣದ ಕಡಲು ನೆನಪಿಸುವ ಮಣ್ಣಿನ ಊಟದ ತಟ್ಟೆಯಲ್ಲಿ ನೀಲಿ, ಬಿಳಿ ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ) ಸೇರುವ ಕಡೆ ಅಲೆಯ ನೊರೆ ಬರದೆ ಗೆರೆ ಬರುತ್ತಿದೆ ಅಂದಿದ್ದೀರಿ. ಎರಡನ್ನೂ ಪಕ್ಕಪಕ್ಕ ಹಚ್ಚಿದ್ದೀರಿ ಅನ್ನಿಸುತ್ತೆ, ಅಲ್ವಾ? ನೀಲಿಯ ಅಂಚಿನ ಮೇಲೆ ಒಂದು ಬೆರಳಗಲ ಬಿಳಿ ಏರಲಿ. ಸ್ಟೋನ್‌ವೇರ್ (ಹೆಚ್ಚು ಶಾಖದಲ್ಲಿ ಸುಡುವ ಗಟ್ಟಿ ಮಣ್ಣಿನ ಪಾತ್ರೆ) ಭಟ್ಟಿಯಲ್ಲಿ 1200 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಎರಡು ಗ್ಲೇಜೂ ಕರಗಿ ಒಂದರೊಳಗೊಂದು ಹರಿಯುತ್ತವೆ. ನನಗೆ ತುಂಬಾ ಇಷ್ಟವಾದ ನೊರೆ ಹಾಗೇ ಸಿಕ್ಕಿದ್ದು. ಜಾಸ್ತಿ ದಪ್ಪ ಬೇಡ, ಇಳಿದು ಭಟ್ಟಿಯ ಶೆಲ್ಫಿಗೆ ಅಂಟುತ್ತೆ. ತಳಕ್ಕೆ ಗ್ಲೇಜ್ ಹತ್ತದಂತೆ ಮೊದಲೇ ಮೇಣ ಹಚ್ಚಿ.

ಇನ್ನೊಂದು ಮಾತು. ತಟ್ಟೆಯಲ್ಲಿ ದಡ ತೋರಿಸುವ ಕೆಂಪಿಗೆ ಪೇಟೆಯ ಬಣ್ಣ ಯಾಕೆ? ನಮ್ಮ ಬೀದರ ಕೋಟೆಯ ಕಲ್ಲೂ ಕರಾವಳಿಯ ಮುರಕಲ್ಲೂ ಒಂದೇ ಜಾತಿ, ಕಬ್ಬಿಣದಿಂದಲೇ ಕೆಂಪು. ಹೊಲದ ಕೆಮ್ಮಣ್ಣು ಸೋಸಿ, ನಿಮ್ಮ ಜೇಡಿಯ ಸ್ಲಿಪ್‌ಗೆ (ನೀರಿನಲ್ಲಿ ತೆಳುವಾಗಿ ಕಲಸಿದ ಜೇಡಿಗೆ) ಬೆರೆಸಿ, ತಟ್ಟೆಯ ಹೊರಮೈಗೆ ಬಳಿಯಿರಿ. ಮೊದಲು ಜೇಡಿಯ ಒಂದು ತುಂಡಿಗೆ ಬಳಿದು ಸುಟ್ಟು ನೋಡಿ, ಕೆಂಪು ಕಂದು ಬಣ್ಣಕ್ಕೆ ತಿರುಗಬಹುದು.