ರೂಟರ್ ತಾನಾಗಿ ಅಪ್‌ಡೇಟ್ ಆಗಬೇಕೇ?

ಪ್ರಶ್ನೆ: ಮನೆಯ ರೂಟರ್‌ಗೆ ಓಪನ್‌ಡಬ್ಲ್ಯೂಆರ್‌ಟಿ (ರೂಟರ್‌ಗಳಿಗೆಂದೇ ಇರುವ ಲಿನಕ್ಸ್ ಆಧಾರಿತ ಮುಕ್ತ ಸಾಫ್ಟ್‌ವೇರ್) ಹಾಕಿಕೊಂಡಿದ್ದೇನೆ. ಜಾಹೀರಾತು ತಡೆಯುವ ಪ್ಯಾಕೇಜ್, ವೈರ್‌ಗಾರ್ಡ್ ಎಂಬ ವಿಪಿಎನ್ ಎರಡೂ ಇವೆ. ಪ್ರತಿ ಭಾನುವಾರ ರಾತ್ರಿ ಪ್ಯಾಕೇಜ್‌ಗಳೆಲ್ಲ ಅಪ್‌ಗ್ರೇಡ್ ಆಗಲಿ ಎಂದು ‘ಶೆಡ್ಯೂಲ್ಡ್ ಟಾಸ್ಕ್ಸ್’ನಲ್ಲಿ ಒಂದು ಸಾಲು ಬರೆದಿಟ್ಟಿದ್ದೆ. ಈಗ ಜಾಗ ತುಂಬಿದೆ ಎನ್ನುತ್ತದೆ, ಬದಲಿಸಿದ ಸೆಟ್ಟಿಂಗ್ ಉಳಿಯುವುದಿಲ್ಲ, ಕೆಲವೊಮ್ಮೆ ವೈಫೈ ಬರುವುದೇ ಇಲ್ಲ. ಏನು ಮಾಡಲಿ?
— ಓದುಗರು, ರಾಜಾಜಿನಗರ

ಉತ್ತರ: ಮೊದಲು ಆ ಸಾಲನ್ನು ಅಳಿಸಿ. ಲಿನಕ್ಸ್ ಕಂಪ್ಯೂಟರಿಗೆ ಒಳ್ಳೆಯದಾದ ಈ ಅಭ್ಯಾಸ ರೂಟರ್‌ಗೆ ಕೇಡು. ರೂಟರ್‌ನ ಫ್ಲ್ಯಾಶ್‌ನಲ್ಲಿ (ಶಾಶ್ವತ ಸಂಗ್ರಹದ ಚಿಪ್‌ನಲ್ಲಿ) ಮೂಲ ಸಾಫ್ಟ್‌ವೇರ್ ಸ್ಕ್ವಾಶ್‌ಎಫ್‌ಎಸ್ ಎಂಬ ರೂಪದಲ್ಲಿ ಕುಗ್ಗಿ ಕೂತಿರುತ್ತದೆ; ಅದನ್ನು ಓದಬಹುದು, ತಿದ್ದಲಾಗದು. ನೀವು ಸೇರಿಸಿದ್ದು, ಬದಲಿಸಿದ್ದು ಎಲ್ಲ ‘ಓವರ್‌ಲೇ’ ಎಂಬ ಉಳಿದ ಜಾಗಕ್ಕೆ ಹೋಗುತ್ತದೆ. ಮೂಲದಲ್ಲೇ ಇದ್ದ ಒಂದು ಪ್ಯಾಕೇಜ್ ಅಪ್‌ಗ್ರೇಡ್ ಆದಾಗ ಹಳೆಯ ಪ್ರತಿ ಕೆಳಗೆ ಹಾಗೇ ಇರುತ್ತದೆ, ಹೊಸದು ಮೇಲೆ ಕೂರುತ್ತದೆ. ಒಂದೇ ಸಾಮಾನಿಗೆ ಎರಡು ಪಟ್ಟು ಜಾಗ. 16 ಎಂಬಿ ಫ್ಲ್ಯಾಶ್ ಇರುವ ರೂಟರ್‌ನಲ್ಲಿ ಓವರ್‌ಲೇಗೆ ಸಿಗುವುದೇ ಕೆಲವು ಎಂಬಿ. ಅದು ತುಂಬಿದ್ದರಿಂದಲೇ ನಿಮ್ಮ ಸೆಟ್ಟಿಂಗ್ ಉಳಿಯುತ್ತಿಲ್ಲ.

ವೈಫೈ ಕೈಕೊಡುವುದಕ್ಕೆ ಬೇರೆ ಕಾರಣ. ಪ್ಯಾಕೇಜ್ ಅಪ್‌ಗ್ರೇಡ್‌ನಿಂದ ಕರ್ನಲ್ (ವ್ಯವಸ್ಥೆಯ ತಿರುಳು) ಬದಲಾಗುವುದಿಲ್ಲ, ಸುತ್ತಲಿನ ಭಾಗಗಳಷ್ಟೇ ಬದಲಾಗುತ್ತವೆ. ಲೈಬ್ರರಿ (ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್) ಹೊಸದು, ಅದನ್ನು ನಂಬಿದ ಪ್ರೋಗ್ರಾಂ ಹಳೆಯದು ಎಂಬ ಪರಿಸ್ಥಿತಿ ಬಂದರೆ ಯಾವ ಭಾಗ ಯಾವಾಗ ನಿಲ್ಲುತ್ತದೆ ಎಂದು ಹೇಳಲಾಗದು. ಓಪನ್‌ಡಬ್ಲ್ಯೂಆರ್‌ಟಿಯ 25.12 ಆವೃತ್ತಿಯಿಂದ ಪ್ಯಾಕೇಜ್ ಹಾಕುವ ಸಾಧನವಾಗಿ ಓಪಿಕೆಜಿ ಬದಲು ಎಪಿಕೆ ಬಂದಿದೆ. ಆದರೂ ಈ ತೊಂದರೆ ತಪ್ಪಿಲ್ಲ.

ಈಗ ಸರಿಪಡಿಸುವುದು. ಲ್ಯಾಪ್‌ಟಾಪ್‌ಗೆ 192.168.1.2 ಐಪಿ, 255.255.255.0 ಮಾಸ್ಕ್ ಕೊಟ್ಟು ಕೇಬಲ್ಲನ್ನು ಲ್ಯಾನ್ ಪೋರ್ಟ್‌ಗೆ ಸಿಕ್ಕಿಸಿ. ರೂಟರ್ ಆನ್ ಮಾಡಿ. ದೀಪ ಮಿನುಗತೊಡಗಿದ ಕೂಡಲೇ ರೀಸೆಟ್ ಗುಂಡಿ ಒತ್ತಿ. ಮಿನುಗು ಇನ್ನೂ ಚುರುಕಾದರೆ ಫೇಲ್‌ಸೇಫ್‌ಗೆ (ಓವರ್‌ಲೇ ಬಿಟ್ಟು ಏಳುವ ತುರ್ತು ಸ್ಥಿತಿಗೆ) ಬಂದಿರಿ ಎಂದರ್ಥ. 192.168.1.1ಕ್ಕೆ ರೂಟ್ ಹೆಸರಲ್ಲಿ ಎಸ್‌ಎಸ್‌ಎಚ್ ಮಾಡಿ (ಲ್ಯಾಪ್‌ಟಾಪ್‌ನ ಟರ್ಮಿನಲ್‌ನಿಂದ ಒಳಹೋಗಿ), ಪಾಸ್‌ವರ್ಡ್ ಕೇಳುವುದಿಲ್ಲ. ‘ಮೌಂಟ್_ರೂಟ್’ ಆಜ್ಞೆ ಕೊಟ್ಟು, ಇಟಿಸಿ ಫೋಲ್ಡರಿನೊಳಗಿನ ‘ಕಾನ್ಫಿಗ್’ ಫೋಲ್ಡರನ್ನು ಲ್ಯಾಪ್‌ಟಾಪ್‌ಗೆ ನಕಲು ಮಾಡಿಕೊಳ್ಳಿ. ನಿಮ್ಮ ಪಿಪಿಪಿಒಇ (ಇಂಟರ್‌ನೆಟ್ ಲಾಗಿನ್) ಯೂಸರ್‌ನೇಮ್, ಪಾಸ್‌ವರ್ಡ್ ಅದರಲ್ಲೇ ಇವೆ. ಅದು ಹೋದರೆ ಫೈಬರ್ ಕಂಪನಿಗೆ ಫೋನ್ ಮಾಡಿ ಕಾಯಬೇಕು. ಆಮೇಲೆ ‘ಫಸ್ಟ್‌ಬೂಟ್’ ಕೊಟ್ಟು ರೀಬೂಟ್ ಮಾಡಿ. ಓವರ್‌ಲೇ ಅಳಿದು ಮೂಲ ಸ್ಥಿತಿ ಬರುತ್ತದೆ; ನೀವು ಸೇರಿಸಿದ ಪ್ಯಾಕೇಜ್‌ಗಳನ್ನು ಮತ್ತೆ ಹಾಕಿಕೊಳ್ಳಬೇಕು. ಸಾಮಾನ್ಯವಾಗಿ ಆಗ ವೈಫೈ ಆಫ್ ಆಗಿಯೇ ಇರುತ್ತದೆ. ರೂಟರ್ ಸತ್ತಿತೆಂದು ಗಾಬರಿಯಾಗಬೇಡಿ, ಕೇಬಲ್ ಮೂಲಕವೇ ಒಳಹೋಗಿ ಆನ್ ಮಾಡಿ.

ಮುಂದಕ್ಕೆ ಬಿಡಿಬಿಡಿ ಪ್ಯಾಕೇಜ್ ಬೇಡ, ಇಡೀ ಇಮೇಜ್ (ಎಲ್ಲ ಸಾಫ್ಟ್‌ವೇರ್ ಸೇರಿದ ಒಂದೇ ಫೈಲ್) ಬದಲಿಸಿ. ‘ಅಟೆಂಡೆಡ್ ಸಿಸ್‌ಅಪ್‌ಗ್ರೇಡ್’ ಎಂಬ ಪ್ಯಾಕೇಜ್ ಇಲ್ಲದಿದ್ದರೆ ಹಾಕಿಕೊಳ್ಳಿ. ಅದು ನಿಮ್ಮ ಮಾಡೆಲ್ ಮತ್ತು ಪ್ಯಾಕೇಜ್ ಪಟ್ಟಿಯನ್ನು ಸರ್ವರ್‌ಗೆ ಕಳಿಸಿ, ವೈರ್‌ಗಾರ್ಡ್ ಮುಂತಾದವನ್ನೆಲ್ಲ ಸೇರಿಸಿದ ಇಮೇಜ್ ಕಟ್ಟಿಸಿಕೊಳ್ಳುತ್ತದೆ. ಅವು ಸ್ಕ್ವಾಶ್‌ಎಫ್‌ಎಸ್ ಒಳಗೇ ಕುಗ್ಗಿ ಕೂರುವುದರಿಂದ ಜಾಗವೂ ಉಳಿಯುತ್ತದೆ. ಅದಕ್ಕೆ ಮೊದಲು ಸಿಸ್ಟಮ್ ಮೆನುವಿನ ಬ್ಯಾಕಪ್ ಪುಟದಲ್ಲಿ ‘ಜನರೇಟ್ ಆರ್ಕೈವ್’ ಒತ್ತಿ ಸೆಟ್ಟಿಂಗ್ ಇಳಿಸಿಕೊಳ್ಳಿ. ನೀವೇ ಬರೆದ ಸ್ಕ್ರಿಪ್ಟ್‌ಗಳಿದ್ದರೆ ಅವುಗಳ ದಾರಿಯನ್ನು ಅಲ್ಲೇ ‘ಕಾನ್ಫಿಗರೇಶನ್’ ಟ್ಯಾಬ್‌ನಲ್ಲಿ ಸೇರಿಸಿ, ಇಲ್ಲವಾದರೆ ಅವು ಅಳಿಯುತ್ತವೆ. ಸುರಕ್ಷಾ ತಿದ್ದುಪಡಿಯ ಸುದ್ದಿ ಬಂದಾಗ ತಡಮಾಡಬೇಡಿ. ಆದರೆ ಗಳಿಗೆ ನೀವೇ ಆರಿಸಿ, ಎದುರಿಗೆ ಕೂತು ಮಾಡಿ.

ಪ್ರಶ್ನೆ: ಫ್ಲ್ಯಾಶ್ ಆಗುವಾಗ (ಹೊಸ ಇಮೇಜ್ ಬರೆಯುವಾಗ) ಕರೆಂಟ್ ಹೋದರೆ?
— ಓದುಗರು, ಯಲಹಂಕ

ಉತ್ತರ: ಅರ್ಧ ಬರೆದ ಇಮೇಜ್ ಬೂಟ್ ಆಗುವುದಿಲ್ಲ, ಫೇಲ್‌ಸೇಫ್ ಕೂಡ ಸಿಗದು. ಬೂಟ್‌ಲೋಡರ್ (ಮೊದಲು ಏಳುವ ಪುಟ್ಟ ಪ್ರೋಗ್ರಾಂ) ಉಳಿದಿದ್ದರೆ ಹಲವು ಮಾಡೆಲ್‌ಗಳನ್ನು ಟಿಎಫ್‌ಟಿಪಿ ಎಂಬ ಸರಳ ಫೈಲ್ ವರ್ಗಾವಣೆಯ ಮೂಲಕ ಎಬ್ಬಿಸಬಹುದು. ಸಂಜೆ ಗುಡುಗು ಮಳೆಯ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ರೂಟರ್ ಯುಪಿಎಸ್ ಕೊಳ್ಳುವ ಮೊದಲು ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ನೋಡಿ: ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಹೆಚ್ಚು.

ಪ್ರಶ್ನೆ: ನನ್ನದು ಓಪನ್‌ಡಬ್ಲ್ಯೂಆರ್‌ಟಿ 19.07 ಆವೃತ್ತಿ. ನೇರವಾಗಿ ಹೊಸದಕ್ಕೆ ಹೋಗಬಹುದೇ?
— ಓದುಗರು, ಬನಶಂಕರಿ

ಉತ್ತರ: ಆ ಸರಣಿಗೆ 2022ರ ನಂತರ ತಿದ್ದುಪಡಿಯೇ ಬಂದಿಲ್ಲ, ಹೋಗಲೇಬೇಕು. 21.02ರಿಂದ ಅನೇಕ ಮಾಡೆಲ್‌ಗಳಲ್ಲಿ ಸ್ವಿಚ್ (ಲ್ಯಾನ್ ಪೋರ್ಟ್‌ಗಳನ್ನು ಜೋಡಿಸುವ ಭಾಗ) ನಡೆಸುವ ಕ್ರಮ ಡಿಎಸ್‌ಎ ಎಂಬ ಹೊಸದಕ್ಕೆ ಬದಲಾಯಿತು. ಹಳೆಯ ವಿಲ್ಯಾನ್ (ಒಂದೇ ಜಾಲವನ್ನು ಬೇರೆ ಬೇರೆ ಭಾಗವಾಗಿಸುವ) ಸೆಟ್ಟಿಂಗ್ ಅಲ್ಲಿ ನಡೆಯದು. ವಿಲ್ಯಾನ್ ನಂಬರ್ ಕಾಗದದಲ್ಲಿ ಬರೆದಿಟ್ಟುಕೊಂಡು, ‘ಕೀಪ್ ಸೆಟ್ಟಿಂಗ್ಸ್’ ಟಿಕ್ ತೆಗೆದು ಫ್ಲ್ಯಾಶ್ ಮಾಡಿ. 4 ಎಂಬಿ ಫ್ಲ್ಯಾಶ್, 32 ಎಂಬಿ ರ್‍ಯಾಮ್‌ನ ರೂಟರ್ ಆದರೆ ಹೊಸ ಆವೃತ್ತಿ ಹಿಡಿಸದು, ಬೇರೆ ರೂಟರ್ ಕೊಳ್ಳಿ.